ಹಪ್ಪಳ ಸ್ವಾಧೀನ ಪರ್ವ

ಕೇಳಿರಿ, ಕುರ್ಚಿಯಲ್ಲಿ ಕೂತವರೇ, ಬಸ್ಸಿನ ಕಂಬಿ ಹಿಡಿದು ನಿಂತವರೇ. ಮೊದಲ ಯುಗದಲ್ಲಿ ದೇವದಾನವರು ಕಡಲನ್ನು ಕಡೆದರು. ಎರಡನೆಯದರಲ್ಲಿ ಕಪಿಗಳು ಅದೇ ಕಡಲಿಗೆ ಸೇತುವೆ ಕಟ್ಟಿದವು. ಮೂರನೆಯದರಲ್ಲಿ ದಾಯಾದಿಗಳು ಐದು ಊರಿಗಾಗಿ ಹದಿನೆಂಟು ಅಕ್ಷೋಹಿಣಿ ಜನರನ್ನು ಕೊಲ್ಲಿಸಿ, ಗೆದ್ದ ಮೇಲೆ ಮಾತಾಡಿಸಲು ಯಾರೂ ಉಳಿದಿಲ್ಲವಲ್ಲ ಎಂದು ಕೊರಗಿದರು. ಈಗ ನಡೆದಿರುವುದು ನಾಲ್ಕನೆಯ ಯುಗ. ಇಲ್ಲಿ ಕಂಪನಿಯು ಕಂಪನಿಯನ್ನು ನುಂಗುತ್ತದೆ. ನುಂಗುವ ಬಾಯಿಗೂ ನುಂಗಿಸಿಕೊಳ್ಳುವ ಮೈಗೂ ನಡುವೆ ನಿಂತು, "ಅವಸರ ಬೇಡ, ಮೊದಲು ಮಾತಾಡೋಣ" ಎನ್ನುವ ಒಂದು ಕುಲವುಂಟು. ವಿಲೀನ ಮತ್ತು ಸ್ವಾಧೀನದ ಸಲಹೆಗಾರರು ಎಂದು ಅದರ ಹೆಸರು. ಮದುವೆ ದಲ್ಲಾಳಿಗೆ ಕೋಟು ತೊಡಿಸಿದರೆ ಈ ಕುಲ ಅರ್ಧ ಹುಟ್ಟಿದಂತೆ; ಉಳಿದರ್ಧ ಪವರ್‌ಪಾಯಿಂಟು.

ಎಲೈ ವಾಗ್ದೇವಿಯೇ, ಆ ಕುಲದ ಕುಲದೀಪಿಕೆ, ಎಕ್ಸೆಲ್‌ಕಾನನಸಂಚಾರಿಣಿ, ಪವರ್‌ಪಾಯಿಂಟ್‌ಪರಶುಧಾರಿಣಿ, ಯಂತ್ರಕಾಫಿಕಷಾಯಪಾನಪಟುವಾದ ಮೇದಿನಿಯ ವಿಜಯವನ್ನು ನನ್ನಿಂದ ಹಾಡಿಸು. ನಿನ್ನ ವೀಣೆ ಬೇಡ, ಪ್ರೊಜೆಕ್ಟರಿನ ಗುಂಯ್‌ಗುಟ್ಟುವಿಕೆ ಸಾಕು.

ಮೇದಿನಿ ತಿಪಟೂರಿನವಳು. ಅವಳ ಸೆರಗಿನಲ್ಲಿ ಎಂಬಿಎ ಪದವಿಯೂ ಬೆನ್ನಿನಲ್ಲಿ ಲ್ಯಾಪ್‌ಟಾಪ್ ಚೀಲವೂ ಇದ್ದವು; ಸೆರಗು ಎಂಬುದು ಕವಿಸಮಯ, ಆಕೆ ತೊಡುತ್ತಿದ್ದುದು ಪ್ಯಾಂಟು. ಬೆಂಗಳೂರಿನ ಒಂದು ಸಲಹಾ ಸಂಸ್ಥೆಯಲ್ಲಿ ಅವಳ ವನವಾಸ ಆರಂಭವಾಗಿ ಕೆಲವು ವರ್ಷಗಳಾಗಿದ್ದವು. ಆ ವನದ ಕಾನೂನು ಸರಳ. ಕೈಹಾಕಿದ ಒಂದಾದರೂ ವ್ಯವಹಾರ ಸಹಿಯವರೆಗೆ ಮುಟ್ಟಿದರೆ ನೀನು ವೈಸ್ ಪ್ರೆಸಿಡೆಂಟ್. ಮುಟ್ಟದಿದ್ದರೆ ನೀನು ಸ್ಲೈಡಿನ ಅಂಚು ಸರಿಪಡಿಸುವವಳು. ಮೇದಿನಿ ಕೈಯಿಟ್ಟ ಸಿಮೆಂಟ್ ವ್ಯವಹಾರವು ಅಣ್ಣತಮ್ಮಂದಿರ ಜಗಳದಲ್ಲಿ ಒಡೆಯಿತು. ಆಸ್ಪತ್ರೆಯ ವ್ಯವಹಾರ ಲಿಫ್ಟಿನ ಗಾತ್ರದ ಮೇಲೆ ಮುರಿಯಿತು. ಶಾಲೆಯ ವ್ಯವಹಾರ ಯಾಕೆ ಮುರಿಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸಂಸ್ಥೆಯಲ್ಲಿ ಅವಳ ಕಾಲ್ಗುಣದ ಬಗ್ಗೆ ಪಿಸುಮಾತು ಹುಟ್ಟಿತ್ತು. ಎಂಬಿಎ ಮಾಡಿದವರು ಕಾಲ್ಗುಣ ನಂಬುವುದಿಲ್ಲ ಎಂದುಕೊಂಡಿರುವವರು ಎಂಬಿಎ ಮಾಡಿದವರನ್ನು ಹತ್ತಿರದಿಂದ ಕಂಡಿಲ್ಲ.

ಅವಳ ಸೇನಾಪತಿ, ಶತಸಭಾಸಾರ್ವಭೌಮ, ಇಮೇಲ್‌ಶರವರ್ಷಣ ಸುಧೀಂದ್ರ ಸರ್, ಹುಬ್ಬಳ್ಳಿಗೆ ಹೊರಡುವ ಹಿಂದಿನ ದಿನ ಅವಳನ್ನು ಕರೆದು ಹೇಳಿದರು: "ನೋಡು ಮೇದಿನಿ, ಇದು ಕ್ಲೋಸ್ ಆದ್ರೆ ನೀನು ವಿಪಿ. ಆಗ್ಲಿಲ್ಲ ಅಂದ್ರೆ ನಾನು ನಿನ್ನ ಪರವಾಗಿ ಮಾತಾಡೋಕೆ ಆಗಲ್ಲ. ಬೇರೆ ಕಡೆ ನೋಡ್ಕೊಬೇಕಾಗುತ್ತೆ."

"ಆಗುತ್ತೆ ಸರ್," ಎಂದಳು ಮೇದಿನಿ. "ಬರೀ ಉಪ್ಪಿನಕಾಯಿ, ಹಪ್ಪಳ. ಅದರಲ್ಲಿ ಮುರಿಯೋಕೆ ಏನಿದೆ?"

ಹಪ್ಪಳದ ಬಗ್ಗೆ ಹಾಗೆ ಕೇಳಬಾರದೆಂದು ಅವಳಿಗೆ ಹೊಳೆಯಲಿಲ್ಲ.

ಇನ್ನು ಎರಡೂ ಪಕ್ಷದ ವೀರರನ್ನು ಕಾಣಿಸುತ್ತೇನೆ. ಕೊಳ್ಳುವವರು ಹುಬ್ಬಳ್ಳಿಯ ಗುರುಸಿದ್ದಪ್ಪ ಹೆಬಸೂರ, 'ರಸರಾಜ ಉಪ್ಪಿನಕಾಯಿ'ಯ ಧಣಿ, ಮಾವಿನಮಿಡಿಮರ್ದನ, ಭರಣಿಬೃಂದಾಧಿಪತಿ. ಅವರು ಬಂದ ಕೋಣೆಗೆ ಅವರಿಗಿಂತ ಮೊದಲು ಇಂಗಿನ ವಾಸನೆ ಬರುತ್ತಿತ್ತು. ಮಾರುವವರು ಅದೇ ಊರಿನ ನೀಲಾಂಬಿಕಾ ಮುಳಗುಂದ, 'ಗುಡುಗು ಹಪ್ಪಳ'ದ ಒಡತಿ, ಉದ್ದಿನಹಿಟ್ಟುಮಥನಚತುರೆ, ಲಟ್ಟಣಿಗೆದಂಡಧಾರಿಣಿ, ಊರಿಗೆಲ್ಲ ನೀಲಕ್ಕ. ವಯಸ್ಸಾಯಿತು, ಮೊಣಕಾಲು ನೋಯುತ್ತದೆ, ಮಕ್ಕಳಿಗೆ ಹಪ್ಪಳ ಬೇಡ. ಹೀಗಾಗಿ ಮಾರಲು ಒಪ್ಪಿದ್ದರು. ಬೆಲೆಯ ಮಾತು ಮುಗಿದಿತ್ತು, ಮಾರಿದ ಮೇಲೂ ಕೆಲವು ದಿನ ನೀಲಕ್ಕ ಬಂದು ಹಿಟ್ಟಿನ ಹದ ಹೇಳಿಕೊಡಬೇಕೆಂಬ ಮಾತು ಮುಗಿದಿತ್ತು, ವಕೀಲರ ಕಾಗದ ಮುಗಿದಿತ್ತು. ಉಳಿದದ್ದು ಸಹಿ.

ಈಗ ಈ ಕುಲದ ಒಂದು ವ್ರತವನ್ನು ಹೇಳಬೇಕು. ಮಾತುಕತೆ ನಡೆಯುತ್ತಿರುವಾಗ ಕಂಪನಿಗಳ ನಿಜವಾದ ಹೆಸರನ್ನು ಸಲಹೆಗಾರರು ಉಚ್ಚರಿಸುವುದಿಲ್ಲ, ಬರೆಯುವುದೂ ಇಲ್ಲ. ಹಿಂದಿನ ಕಾಲದ ಹೆಂಡತಿಯರು ಗಂಡನ ಹೆಸರು ಹೇಳದಿದ್ದ ಹಾಗೆ. ಯಾರ ಕಿವಿಗಾದರೂ ಬಿದ್ದರೆ ಸುದ್ದಿ ಹಬ್ಬುತ್ತದೆ, ಕೆಲಸ ಕೆಡುತ್ತದೆ. ಆದ್ದರಿಂದ ಪ್ರತಿಯೊಂದಕ್ಕೂ ಒಂದು ಗುಟ್ಟಿನ ಹೆಸರು. ಈ ವ್ಯವಹಾರಕ್ಕೆ ಹೆಸರಿಟ್ಟವಳು ಮೇದಿನಿ. ಊಟ ಮುಗಿಸಿ ಬಂದ ಒಂದು ಮಧ್ಯಾಹ್ನ, ಕಣ್ಣು ಎಳೆಯುತ್ತಿರುವಾಗ, ಕೊಳ್ಳುವ ಕಂಪನಿಗೆ 'ಗರುಡ' ಎಂದು ಬರೆದಳು. ಗಂಭೀರವಾಗಿತ್ತು. ಗರುಡನಿಗೆ ಜೊತೆ ಯಾರು ಎಂದು ಯೋಚಿಸಿದಾಗ ತಟ್ಟನೆ ಹೊಳೆದದ್ದು 'ಸರ್ಪ'. ಜೊತೆಯೆಂದರೆ ಯಾವ ಬಗೆಯ ಜೊತೆ ಎಂದು ಅವಳು ಯೋಚಿಸಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಬರೆದೂ ಬರೆದೂ ಆ ಎರಡು ಪದಗಳು ಅವಳ ಕಣ್ಣಿಗೆ ಹಕ್ಕಿಯೂ ಅಲ್ಲ, ಹಾವೂ ಅಲ್ಲ, ಬರೀ ರಸರಾಜ ಮತ್ತು ಗುಡುಗು ಆಗಿಬಿಟ್ಟಿದ್ದವು. ಕನ್ನಡಕ ಹಾಕಿಕೊಂಡವರಿಗೆ ಕನ್ನಡಕ ಕಾಣದು.

ಹೀಗಿರಲಾಗಿ, ಹುಬ್ಬಳ್ಳಿಯ ವಿದ್ಯಾನಗರದ ಹೋಟೆಲೊಂದರ ಹವಾನಿಯಂತ್ರಿತ ರಣರಂಗದಲ್ಲಿ, ಬೆಳಗಿನ ಉಪ್ಪಿಟ್ಟು ಜೀರ್ಣವಾಗುತ್ತಿದ್ದ ಶುಭಮುಹೂರ್ತದಲ್ಲಿ, ಗುರುಸಿದ್ದಪ್ಪನವರು ಒಂದು ದಿಕ್ಕಿಗೂ ನೀಲಕ್ಕ ಇನ್ನೊಂದು ದಿಕ್ಕಿಗೂ ಕೂತಿರಲು, ಮಧ್ಯದಲ್ಲಿ ಸುಧೀಂದ್ರ ಸರ್ ಟೈ ಸರಿಪಡಿಸಿಕೊಳ್ಳುತ್ತಿರಲು, ಮೇದಿನಿಯು ಎದ್ದು ನಿಂತು, ಸಹಿಗೆ ಮುಂಚೆ ಒಮ್ಮೆ ಎಲ್ಲವನ್ನೂ ಇಬ್ಬರಿಗೂ ತಿಳಿಗನ್ನಡದಲ್ಲಿ ವಿವರಿಸುವ ಸದುದ್ದೇಶದಿಂದ ಪ್ರೊಜೆಕ್ಟರನ್ನು ಹೊತ್ತಿಸಿದಳು. ಸದುದ್ದೇಶದಿಂದ ಶುರುವಾಗದ ಯುದ್ಧವನ್ನು ನಾನು ಕೇಳಿಲ್ಲ.

ಗೋಡೆಯ ಮೇಲೆ ದಪ್ಪ ಅಕ್ಷರಗಳು ಮೂಡಿದವು: 'ಗರುಡನು ಸರ್ಪವನ್ನು ಸಂಪೂರ್ಣವಾಗಿ ತನ್ನೊಳಗೆ ತೆಗೆದುಕೊಳ್ಳುವ ವಿಧಾನ.'

ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು ಗೋಡೆಯತ್ತ ಬಾಗಿದರು. ಮೇದಿನಿ ಅದನ್ನು ಏಕಾಗ್ರತೆಯೆಂದು ತಿಳಿದು ಗುಂಡಿ ಒತ್ತಿದಳು. ಎರಡನೆಯ ಪುಟ ಬಂತು: 'ಸರ್ಪದ ದೌರ್ಬಲ್ಯಗಳು.' ಕೆಳಗೆ ಮೊದಲ ಸಾಲು: 'ಸರ್ಪಕ್ಕೆ ವಯಸ್ಸಾಗಿದೆ.'

"ಒಂದ್ ನಿಮಿಷ ತಂಗಿ," ಎಂದರು ನೀಲಕ್ಕ. ದನಿ ಮೆತ್ತಗಿತ್ತು. ಹಪ್ಪಳವೂ ಎಣ್ಣೆಗೆ ಬೀಳುವ ಮುಂಚೆ ಮೆತ್ತಗೇ ಇರುತ್ತದೆ. "ಈ ಸರ್ಪ ಅಂದ್ರ ಯಾರವಾ?"

ಮೇದಿನಿ ಗೋಡೆಯತ್ತ ನೋಡಿದಳು. ತಿಂಗಳುಗಳ ನಂತರ ಮೊದಲ ಬಾರಿಗೆ ಅವಳಿಗೆ ಅಲ್ಲಿ ಒಂದು ಹಾವು ಕಂಡಿತು. ಅದಕ್ಕೆ ವಯಸ್ಸಾಗಿತ್ತು, ಮೊಣಕಾಲು ನೋವಿತ್ತು, ಇಳಕಲ್ ಸೀರೆ ಉಟ್ಟಿತ್ತು.

"ಅದು... ಮೇಡಂ, ಅದು ಸುಮ್ನೆ ಒಂದು ಗುಟ್ಟಿನ ಹೆಸರು..."

"ನಾ ಹಾವಾ?"

"ಹಂಗಲ್ಲ ಮೇಡಂ..."

"ಹಾವು ಅಂದ್ರ ನನಗೇನ್ ಸಿಟ್ಟಿಲ್ಲ. ಪಂಚಮಿಗೆ ಹುತ್ತಕ್ಕ ಹಾಲೆರದು ಬರಾಕಿ ನಾ. ಆದ್ರ ಇವ್ರು ಗರುಡ ಅಂತ!" ಎಂದು ಗುರುಸಿದ್ದಪ್ಪನವರತ್ತ ಬೆರಳು ಚಾಚಿದರು. "ಗರುಡ ಹಾವನ್ನ ಏನ್ ಮಾಡ್ತೈತಿ? ಹೇಳ್, ಓದಿದಾಕಿ ಅದೀಯಲ್ಲ."

ಉತ್ತರ ಮೇದಿನಿಗೆ ಗೊತ್ತಿತ್ತು. ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ ಎಂಬ ಧರ್ಮಸಂಕಟದಲ್ಲಿ ಆಕೆ ನೀರು ಕುಡಿದಳು.

ಅಷ್ಟರಲ್ಲಿ ಗುರುಸಿದ್ದಪ್ಪನವರ ಮುಖದಲ್ಲಿ ಒಂದು ಕಾಂತಿ ಹರಡಿತ್ತು. ಅರವತ್ತು ದಾಟಿದ ಆ ದೇಹದಲ್ಲಿ ಹೆಗಲ ಬಳಿ ಏನೋ ಪುಕ್ಕದಂಥದು ಏಳುತ್ತಿತ್ತು. "ಗರುಡ ಅಂದ್ರ ತಪ್ಪೇನೈತ್ರಿ ಅಕ್ಕಾರ? ಛಲೋ ಹೆಸರು. ತಂಗಿ, ಭಾಳ ಛಂದ ಇಟ್ಟೀ ನೋಡು."

ಇದು ಕಿಡಿ. ಅಲ್ಲಿಂದ ಮುಂದೆ ನಡೆದದ್ದನ್ನು ಹೇಳಲು ಸಾವಿರ ನಾಲಗೆಯ ಶೇಷನಿಗೂ ಗಂಟಲು ಕಟ್ಟೀತು. ಆತನೂ ಹಾವಾದ್ದರಿಂದ ಪಕ್ಷಪಾತದ ಆರೋಪ ಬೇರೆ.

ಲಟ್ಟಣಿಗೆದಂಡಧಾರಿಣಿಯು ಮೊಣಕಾಲಿನ ನೋವನ್ನು ಕುರ್ಚಿಯಲ್ಲೇ ಬಿಟ್ಟು ಎದ್ದು ನಿಂತು ಗರ್ಜಿಸಿದಳು: "ಏ ಸಾವ್ಕಾರ್ರ! ಒಂದು ಲಟ್ಟಣಿಗಿ, ಒಂದು ಮಣಿ ಹಿಡಕೊಂಡು ಮಾಳಗಿ ಮ್ಯಾಲ ಶುರು ಮಾಡಿದಾಕಿ ನಾ. ಬಿಸಲಾಗ ಕುಂತು, ಕೋಲು ಹಿಡದು, ಊರ ಕಾಗಿ ಎಲ್ಲಾ ಓಡಿಸಿ ಹಪ್ಪಳ ಒಣಗಿಸೇನಿ. ಆ ಕಾಗಿಗೋಳಿಗೆ ಸೋತಿಲ್ಲ, ಗರುಡಗ ಸೋಲ್ತೀನೇನು?"

ಭರಣಿಬೃಂದಾಧಿಪತಿಯೂ ಎದ್ದನು: "ನನ್ನ ಉಪ್ಪಿನಕಾಯಿ ಇಲ್ದ ಈ ಹುಬ್ಬಳ್ಯಾಗ ಒಂದ್ ಮದುವಿ ಆಗ್ಲಿ ನೋಡೋಣು! ಎಲಿ ಹಾಕಿದ ಕೂಡ್ಲೆ ಮೊದ್ಲ ಉಪ್ಪು ಬಡಸ್ತಾರ. ಆಮ್ಯಾಲ ಯಾರು? ನಾ!"

"ಹೌದ್ರಿ, ಬಡಸ್ತಾರ. ಎಲಿ ತುದಿಗೆ, ಬಟ್ಟ ನೆಕ್ಕುವಷ್ಟು. ಉಂಡು ಎದ್ದ ಮ್ಯಾಲೂ ಅಲ್ಲೇ ಕುಂತಿರ್ತೀರಿ. ಎಲಿಯಾಗ ಹಪ್ಪಳ ಉಳದದ್ದನ್ನ ಯಾರರ ನೋಡೀರೇನು?"

ಈ ಬಾಣ ನಾಟಿತು. ಗುರುಸಿದ್ದಪ್ಪ ತುಸು ತೂರಾಡಿ, ನೀರಿನ ಬಾಟಲಿಯನ್ನು ಹಿಡಿದು ಸಾವರಿಸಿಕೊಂಡು, "ಹಪ್ಪಳ ಅಂದ್ರ ಏನ್ರಿ? ಗಾಳಿ! ಬರೇ ಗಾಳಿ! ಸಪ್ಪಳ ಬಿಟ್ರ ಒಳಗ ಏನೈತಿ?" ಎಂದು ಮರುಬಾಣ ಹೂಡಿದರು.

"ಗಾಳಿ ಅಂದ್ರ ಯಾಕ ಕೊಳ್ಳಾಕ ಬಂದ್ರಿ? ಬಾಯಾಗ ತುಂಬಿಕೊಂಡು ಹೋಗ್ರಿ, ಪುಕ್ಕಟ ಐತಿ!"

ಈ ಘೋರಸಂಗ್ರಾಮದ ನಡುವೆ ಶತಸಭಾಸಾರ್ವಭೌಮನು ಮೇಲೆದ್ದು ಎರಡೂ ಕೈ ಎತ್ತಿದನು. ಎಂಥೆಂಥ ಬಹುರಾಷ್ಟ್ರೀಯ ಕೌರವರನ್ನು ಮಣಿಸಿದ ಕಂಠ ಅದು. "ದಯವಿಟ್ಟು ಶಾಂತರಾಗಿ. ನಾವು ಸಿನರ್ಜಿಯನ್ನು ನೋಡಬೇಕು. ಒಂದು ಮತ್ತು ಒಂದು ಸೇರಿದರೆ ಹನ್ನೊಂದು..."

"ಏ ಸುಮ್ನ ಕೂಡಪಾ ನೀ," ಎಂದರು ಇಬ್ಬರೂ ಒಟ್ಟಿಗೆ. ಆ ದಿನ ಅವರಿಬ್ಬರೂ ಒಪ್ಪಿದ ಮೊದಲ ಅಂಶ ಅದು. ಸುಧೀಂದ್ರ ಸರ್ ಸುಮ್ಮನೆ ಕೂತರು. ಕೂತು, ಮೇದಿನಿಯತ್ತ ಒಂದು ನೋಟ ಎಸೆದರು. ಆ ನೋಟದಲ್ಲಿ ಸಿಮೆಂಟ್, ಆಸ್ಪತ್ರೆ, ಶಾಲೆ ಮೂರೂ ಸಾಲಾಗಿ ನಿಂತಿದ್ದವು.

ನೀಲಕ್ಕ ಕೈಚೀಲ ಹೆಗಲಿಗೇರಿಸಿದರು. "ಹೆಸರು ಬದಲ ಮಾಡೂತನಕ ಸಹಿ ಇಲ್ಲ. ಇಲ್ಲಾ ನನ್ನ ಗರುಡ ಮಾಡ್ರಿ, ಅವ್ರನ್ನ ಹಾವು ಮಾಡ್ರಿ."

"ರೊಕ್ಕ ಕೊಡಾಂವ ನಾ. ರೊಕ್ಕ ಕೊಟ್ಟು ಹಾವು ಆಗ್ಲೇನು?" ಎಂದರು ಗುರುಸಿದ್ದಪ್ಪ. ತಾನು ಗರುಡ ಎಂದು ಗೊತ್ತಾಗಿ ಕಾಲು ಗಂಟೆಯೂ ಆಗಿರಲಿಲ್ಲ. ಆಗಲೇ ಬಿಟ್ಟುಕೊಡಲು ಜೀವ ಒಪ್ಪುತ್ತಿರಲಿಲ್ಲ.

ಆಗ ಪವರ್‌ಪಾಯಿಂಟ್‌ಪರಶುಧಾರಿಣಿಯು ತನ್ನ ಓದಿನ ಬತ್ತಳಿಕೆಯನ್ನು ಬೋರಲು ಹಾಕಿದಳು. ಹಾಸ್ಟೆಲಿನ ಗ್ರಂಥಾಲಯದಲ್ಲಿ ಭಾನುವಾರಗಳನ್ನು ಸುಮ್ಮನೆ ಕಳೆದವಳಲ್ಲ ಆಕೆ.

"ಸಿಂಹ ಮತ್ತು ಆನೆ?" ಎಂದಳು.

"ಯಾರು ಸಿಂಹ?" ಎಂದರು ನೀಲಕ್ಕ.

"...ಸಾರ್."

"ಸಿಂಹ ಆನಿ ತಲಿ ಸೀಳ್ತೈತಿ. ಮುಂದಿಂದು ಹೇಳ್."

"ಸೂರ್ಯ, ಚಂದ್ರ?"

"ಚಂದ್ರಗ ಸ್ವಂತ ಬೆಳಕಿಲ್ಲ, ಸೂರ್ಯನ ಕಡೆ ಕೈಗಡ ತರ್ತಾನ. ನಾ ಇವ್ರ ಕಡೆ ಏನ್ ಕಡ ತಂದೇನಿ?"

"ಸಮುದ್ರ, ನದಿ! ನದಿ ಅಂದ್ರೆ ಪವಿತ್ರ ಮೇಡಂ, ಪೂಜೆ ಮಾಡ್ತಾರೆ..."

"ಸಮುದ್ರಕ್ಕ ಬಿದ್ದ ಮ್ಯಾಲ ನದಿ ಎಲ್ಲೈತಿ ತೋರ್ಸು. ನೀರೆಲ್ಲಾ ಉಪ್ಪು." ಗುರುಸಿದ್ದಪ್ಪನವರ ಕಡೆಗೆ ತಿರುಗಿ, "ಉಪ್ಪಿನಕಾಯಿ," ಎಂದು ಸೇರಿಸಿದರು.

"ಹಾಲು, ಜೇನು?" ಎಂದಳು ಮೇದಿನಿ, ಉಸಿರು ಸಿಕ್ಕಷ್ಟರಲ್ಲಿ.

ಈ ಸಲ ಗುರುಸಿದ್ದಪ್ಪನವರೇ ತಲೆಯಲ್ಲಾಡಿಸಿದರು. "ನಾ ಮುಟ್ಟಿದ್ರ ಹಾಲು ಒಡೀತೈತಿ ತಂಗಿ. ನಮ್ಮ ಧಂದೇನ ಹುಳಿ."

ಬತ್ತಳಿಕೆ ಬರಿದಾಯಿತು. ಮೂರು ಲೋಕದಲ್ಲೂ, ಹದಿನೆಂಟು ಪುರಾಣದಲ್ಲೂ, ಒಂದು ಇನ್ನೊಂದನ್ನು ತಿನ್ನದ, ಸೀಳದ, ಮುಳುಗಿಸದ ಜೋಡಿಯೊಂದು ಅವಳಿಗೆ ಸಿಗಲಿಲ್ಲ. ಸಿಗುವುದೂ ಕಷ್ಟ. ಅವಳು ಮಾಡುತ್ತಿದ್ದ ಕೆಲಸಕ್ಕೆ ಒಪ್ಪುವ ಹೆಸರುಗಳೆಲ್ಲ ಬಾಯಿ ತೆರೆದುಕೊಂಡೇ ಹುಟ್ಟಿದ್ದವು.

ನೀಲಕ್ಕ ಬಾಗಿಲ ಹಿಡಿಕೆಗೆ ಕೈ ಹಾಕಿದರು. ಆ ಹಿಡಿಕೆ ತಿರುಗಿದರೆ ತನ್ನ ಜೀವನವೂ ತಿರುಗುತ್ತದೆ ಎಂದು ಮೇದಿನಿಗೆ ಕಂಡಿತು. ತಿಪಟೂರಿಗೆ ವಾಪಸ್ಸು, ಅಪ್ಪನ ಕೊಬ್ಬರಿ ಮಂಡಿಯ ಗುಮಾಸ್ತಿಕೆ, "ಬೆಂಗಳೂರಲ್ಲಿ ಏನೋ ದೊಡ್ಡ ಕೆಲಸ ಇತ್ತಂತಲ್ಲ" ಎಂಬ ಸೋದರತ್ತೆಯ ವಿಚಾರಣೆ. ಇಷ್ಟು ದಿನ ಕಲಿತ ಸಲಹೆಗಾರರ ಭಾಷೆಯೆಲ್ಲ ಆ ಕ್ಷಣ ಮರೆತುಹೋಯಿತು. ಉಳಿದದ್ದು ತಿಪಟೂರಿನ ಭಾಷೆ.

"ನೀಲಕ್ಕ, ನಿಂತ್ಕೊಳಿ," ಎಂದಳು. ಮೇಡಂ ಬಿದ್ದುಹೋಗಿತ್ತು. "ನಿಜ ಹೇಳ್ತೀನಿ. ಏನು ಹೆಸರಿಟ್ರೂ ತಗೊಳ್ಳೋರು ಅವರೇ, ಕೊಡೋರು ನೀವೇ. ಅದನ್ನ ನಾನು ಸಿಂಹ ಅಂದ್ರೂ ಬದಲಾಗಲ್ಲ, ಸೂರ್ಯ ಅಂದ್ರೂ ಬದಲಾಗಲ್ಲ. ಹಾವು ಅಂತ ಇಟ್ಟೋಳು ನಾನು. ನಿದ್ದೆಗಣ್ಣಲ್ಲಿ ಇಟ್ಟೆ, ಯೋಚನೆ ಮಾಡ್ಲಿಲ್ಲ, ತಪ್ಪಾಯ್ತು. ಆದ್ರೆ ಈ ಹೆಸರಿಗೆ ಆಯುಸ್ಸು ಸಹಿ ತನಕ ಅಷ್ಟೇ. ಸಹಿ ಬಿದ್ದ ಮೇಲೆ ನಾವು ಅದನ್ನ ಎಲ್ಲೂ ಬಳಸಲ್ಲ, ನಿಮ್ಮ ನಿಜವಾದ ಹೆಸರೇ. ನೀವು ಈಗ ಎದ್ದು ಹೋದ್ರೆ, ಇನ್ನೊಂದು ಸಲ ಮಾತುಕತೆ ಆಗೋ ತನಕ, ನಮ್ಮ ಆಫೀಸಲ್ಲಿ ಎಲ್ಲರ ಕಂಪ್ಯೂಟರಲ್ಲೂ ನೀವು ಹಾವಾಗೇ ಇರ್ತೀರಿ."

ನೀಲಕ್ಕ ಹಿಡಿಕೆ ಬಿಟ್ಟರು.

"ಅಂದ್ರ ಸಹಿ ಹಾಕಿದ್ರ ಈಗಿಂದೀಗ ಹಾವು ಸಾಯ್ತೈತೇನು?"

"ಆ ಕ್ಷಣವೇ."

"ಗರುಡ?"

"ಅವರೂನೂ. ಹಾವಿಲ್ದೇ ಗರುಡ ಯಾಕೆ?"

"ಇದನ್ನ ಮೊದ್ಲ ಹೇಳಾಕ ಬರ್ತಿದ್ದಿಲ್ಲೇನು? ಹಾಳು ಆನಿ, ಹಾಳು ಚಂದ್ರ ಅನಕೋತ ಕುಂತಿ. ಎಲ್ಲೈತಿ ಪೆನ್ನು? ತಾ ಇಲ್ಲೆ."

ಗುರುಸಿದ್ದಪ್ಪನವರು ಗಾಬರಿಯಾದರು. "ತಡೀರಿ ಅಕ್ಕಾರ, ಅವಸರ ಯಾಕ? ಚಾ ಕುಡದು ಮಾಡೋಣು..." ಇನ್ನೊಂದರ್ಧ ಗಂಟೆಯಾದರೂ ಗರುಡನಾಗಿ ಬದುಕುವ ಆಸೆ ಅವರ ಕಣ್ಣಲ್ಲಿ ಹೊಳೆಯುತ್ತಿತ್ತು. ಆದರೆ ನೀಲಕ್ಕನ ಪೆನ್ನು ಆಗಲೇ ಪುಟದಿಂದ ಪುಟಕ್ಕೆ ಹಾರುತ್ತಿತ್ತು. ಲಟ್ಟಣಿಗೆ ಹಿಡಿದ ಕೈ. ಒಂದೊಂದು ಸಹಿಯೂ ಸಮನಾಗಿ, ತೆಳ್ಳಗೆ, ದುಂಡಗೆ ಬೀಳುತ್ತಿತ್ತು. ಕೊನೆಯ ಸಹಿ ಹಾಕಿ, ಕಾಗದವನ್ನು ಮೇಜಿನ ಆಚೆಗೆ ತಳ್ಳಿ, "ನಾ ಸತ್ತೆ. ಇನ್ನ ನೀವು ಸಾಯ್ರಿ," ಎಂದರು.

ಗುರುಸಿದ್ದಪ್ಪನವರು ಒಮ್ಮೆ ಗೋಡೆಯ ಮೇಲಿನ ತಮ್ಮ ಹೆಸರನ್ನು ಕಣ್ತುಂಬ ನೋಡಿಕೊಂಡು, ನಿಟ್ಟುಸಿರಿಟ್ಟು, ಸಹಿ ಹಾಕಿದರು. ಮೇದಿನಿ ಪ್ರೊಜೆಕ್ಟರ್ ಆರಿಸಿದಳು. ಗರುಡನೂ ಸರ್ಪವೂ ಏಕಕಾಲಕ್ಕೆ ವೈಕುಂಠ ಸೇರಿದರು. ಆಕಾಶದಿಂದ ಪುಷ್ಪವೃಷ್ಟಿ ಆಗಲಿಲ್ಲ. ಹೋಟೆಲಿನವನು ಬಂದು ಕೋಣೆ ಖಾಲಿ ಮಾಡ್ತೀರಾ ಎಂದು ಕೇಳಿದನು. ಹೊರಡುವಾಗ ನೀಲಕ್ಕ ಒಂದು ಪೊಟ್ಟಣ ಹಪ್ಪಳವನ್ನೂ ಗುರುಸಿದ್ದಪ್ಪನವರು ಒಂದು ಬಾಟಲಿ ಮಾವಿನಮಿಡಿಯನ್ನೂ ಮೇದಿನಿಯ ಕೈಗಿತ್ತು ಹರಸಿದರು.

ಮಧ್ಯಾಹ್ನದ ರೈಲು ಹುಬ್ಬಳ್ಳಿ ಬಿಟ್ಟಿತು. ಸುಧೀಂದ್ರ ಸರ್ ಫೋನಿನಲ್ಲಿ ಏನೋ ಬರೆದು, ಕಳಿಸಿ, ಕೈ ಚಾಚಿದರು. "ಕಂಗ್ರಾಚುಲೇಷನ್ಸ್. ಈಗ ನೀನು ವೈಸ್ ಪ್ರೆಸಿಡೆಂಟ್. ಮೇಲ್ ಹೋಯ್ತು."

ಕಿಟಕಿಯಾಚೆ ಮೆಣಸಿನಕಾಯಿಯ ಹೊಲಗಳು ಸಾಮಂತರಾಜರಂತೆ ತಲೆಬಾಗಿ ಹಿಂದೆ ಸರಿದವು. ವಿಲೀನವಿಕ್ರಮೆ, ಸ್ವಾಧೀನಸಾಮ್ರಾಜ್ಞಿ, ಉಪಾಧ್ಯಕ್ಷಪದವೀಪ್ರತಿಷ್ಠಿತೆಯಾದ ಮೇದಿನಿಯು ಚಹಾ ಮಾರುವವನನ್ನು ಕರೆದು, ಎರಡು ಚಹಾ ತೆಗೆದುಕೊಂಡು, ಎರಡನ್ನೂ ತಾನೇ ಕುಡಿದಳು.

ಆಗ ಫೋನ್ ಬಂತು. ಗುರುಸಿದ್ದಪ್ಪ. ಹಿಂದೆ ನೀಲಕ್ಕನ ದನಿ ಕೇಳುತ್ತಿತ್ತು. ಅವರಿನ್ನೂ ಹೋಟೆಲಿನ ಮೆಟ್ಟಿಲು ಇಳಿದಿರಲಿಲ್ಲ.

"ತಂಗಿ, ಒಂದ್ ಸಣ್ಣ ವಿಷಯ. ಈಗ ಒಂದ ಕಂಪನಿ ಆತಲ್ಲ? ದೀಪಾವಳಿಗೆ ಎರಡೂ ಕೂಡಿಸಿ ಒಂದ ಪ್ಯಾಕ್ ಮಾಡೋಣು ಅಂದೆ. ಉಪ್ಪಿನಕಾಯಿ ಮ್ಯಾಲ ಇರ್ಲಿ, ಹಪ್ಪಳ ಕೆಳಗ ಅಂದೆ. ಅಕ್ಕಾರು ಒಪ್ಪವಲ್ರು."

"ನಾ ಇವ್ರ ಕೆಳಗಾ?" ಎಂದು ಹಿಂದಿನಿಂದ ಗುಡುಗು ಕೇಳಿಸಿತು. "ಹಂಗಾರ ನಾಳೆಯಿಂದ ಬಂದು ಯಾರಿಗೂ ಹಿಟ್ಟಿನ ಹದ ಹೇಳಿಕೊಡಾಂಗಿಲ್ಲ ನಾ!"

ಮೇದಿನಿ ಎದೆಯುಬ್ಬಿಸಿ ಹೇಳಿದಳು: "ಸಾರ್, ನಮ್ಮ ಕೆಲಸ ಸಹಿವರೆಗೆ. ಅದು ಮುಗೀತು."

ಪಕ್ಕದಲ್ಲಿ ಸುಧೀಂದ್ರ ಸರ್ ಜೋರಾಗಿ ಕೈಯಾಡಿಸುತ್ತಿದ್ದರು. ಫೋನಿನ ಬಾಯಿ ಮುಚ್ಚಿಸಿ ಪಿಸುಗುಟ್ಟಿದರು: "ಮುಗೀತು ಅನ್ಬೇಡ! ವಿಲೀನದ ನಂತರದ ಸಲಹೆ ಅಂತ ಹೊಸ ಕೆಲಸ ಇದು. ಬರ್ತೀವಿ ಅನ್ನು."

"ನಾವಾ ಸರ್?"

"ನೀನು. ನೀನು ವಿಪಿ ಅಲ್ವಾ? ವಿಪಿ ಒಬ್ಬರೇ ಹೋಗ್ತಾರೆ."

ಹಾವೇರಿಯಲ್ಲಿ ರೈಲು ನಿಂತಿತು. ವೈಸ್ ಪ್ರೆಸಿಡೆಂಟ್ ಇಳಿದಳು. ಸೇನಾಪತಿಯನ್ನು ಹೊತ್ತ ರೈಲು ಬೆಂಗಳೂರಿನ ಕಡೆಗೆ ಹೋಯಿತು. ಹುಬ್ಬಳ್ಳಿಗೆ ತಿರುಗಿ ಹೋಗುವ ಪ್ಯಾಸೆಂಜರ್ ತಡವಿದೆಯೆಂದು ಧ್ವನಿವರ್ಧಕ ಮೂರು ಭಾಷೆಗಳಲ್ಲಿ ಸಾರಿತು. ಕಲ್ಲುಬೆಂಚಿನ ಇನ್ನೊಂದು ತುದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಅವಳನ್ನೇ ನೋಡುತ್ತಿದ್ದಳು.

ಮೇದಿನಿ ಚೀಲದಿಂದ ಹಪ್ಪಳದ ಪೊಟ್ಟಣ ತೆಗೆದಳು, ಬಾಟಲಿ ತೆಗೆದಳು. ಬಾಟಲಿಯ ಮೇಲೆ ಹಪ್ಪಳವಿಟ್ಟಳು. ಜಾರಿ ಬಿತ್ತು. ಹಪ್ಪಳದ ಮೇಲೆ ಬಾಟಲಿಯಿಟ್ಟಳು.

ಕಟಕಟ ಎಂದಿತು.

"ಪುಡಿ ಆತಲ್ಲಬೇ," ಎಂದಳು ಬುಟ್ಟಿಯ ಹೆಂಗಸು.